ಕಲ್ಲಿಗೆ ಬಾಯಿ, ತೊಗಲಿಗೆ ಬೆನ್ನು

ಮಡಚುವ ಕ್ಷೌರದ ಕತ್ತಿಯನ್ನು ಮಸೆಯಲು ಕಲಿಯುವವರಿಗೆ ಸಿಗುವ ಮೊದಲ ಪಾಠ ಎರಡೇ ಮಾತಿನದು. ಕಲ್ಲಿನ ಮೇಲೆ ನಡೆಸುವಾಗ ಕತ್ತಿಯ ಬಾಯಿ ಮುಂದಿರಲಿ, ತೊಗಲಿನ ಪಟ್ಟಿಯ ಮೇಲೆ ನಡೆಸುವಾಗ ಬೆನ್ನು ಮುಂದಿರಲಿ. ಕತ್ತಿ ಇಂಗ್ಲೆಂಡಿನ ಶೆಫೀಲ್ಡ್‌ನದಾಗಲಿ, ಜರ್ಮನಿಯ ಸೋಲಿಂಗೆನ್‌ನದಾಗಲಿ, ಫ್ರಾನ್ಸಿನ ಟಿಯೇರ್‌ನದಾಗಲಿ, ಪಾಠ ಬದಲಾಗುವುದಿಲ್ಲ. ಆದರೆ ಇದರ ಕಾರಣ ಕೇಳಿದರೆ ಹೆಚ್ಚಿನವರು ಹಿಂದಿನಿಂದ ಬಂದ ಪದ್ಧತಿ ಎಂದು ಸುಮ್ಮನಾಗುತ್ತಾರೆ. ಕಾರಣ ಸಿಗದ ಪದ್ಧತಿಯನ್ನು ಪ್ರಶ್ನಿಸುವವರು ಹುಟ್ಟುವುದು ಸಹಜ. ಉಕ್ಕು ಸವೆದರೆ ಸಾಕು, ಯಾವ ಕಡೆಗೆ ಉಜ್ಜಿದರೇನು ಎಂದು ಒಬ್ಬರು ಕೇಳುತ್ತಾರೆ. ಅಡುಗೆಮನೆಯ ಚಾಕುವನ್ನು ಹಿಂದೆ ಮುಂದೆ ಉಜ್ಜಿಯೇ ಹರಿತ ಮಾಡುತ್ತೇವಲ್ಲ ಎಂದು ಇನ್ನೊಬ್ಬರು ಕೇಳುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ನನ್ನ ವಾದ ಇಷ್ಟು: ಕಲ್ಲಿನ ನಿಯಮವೂ ತೊಗಲಿನ ನಿಯಮವೂ ನೋಡಲು ಒಂದಕ್ಕೊಂದು ವಿರುದ್ಧವಾಗಿದ್ದರೂ ಹುಟ್ಟಿದ್ದು ಒಂದೇ ಕಾರಣದಿಂದ. ಆ ಕಾರಣವನ್ನು ಹಿಡಿದರೆ ನಿಯಮವನ್ನು ಎಲ್ಲಿ ಬಿಗಿಯಾಗಿ ಪಾಲಿಸಬೇಕು, ಎಲ್ಲಿ ಸಡಿಲಿಸಿದರೂ ನಡೆಯುತ್ತದೆ ಎಂಬುದೂ ತಾನಾಗಿ ತಿಳಿಯುತ್ತದೆ.

ಕತ್ತಿಯ ರಚನೆಯಿಂದ ತೊಡಗೋಣ. ಕ್ಷೌರದ ಕತ್ತಿಯ ಬೆನ್ನು ದಪ್ಪ. ಹೊಟ್ಟೆಯನ್ನು ಎರಡೂ ಮಗ್ಗುಲಲ್ಲಿ ಒಳಕ್ಕೆ ಕೊರೆದು ತೆಳುವಾಗಿಸಿರುತ್ತಾರೆ. ಇದನ್ನು ಕಲ್ಲಿನ ಮೇಲೆ ಮಲಗಿಸಿದರೆ ಬೆನ್ನು ಮತ್ತು ಬಾಯಿ ಮಾತ್ರ ಕಲ್ಲಿಗೆ ತಾಗುತ್ತವೆ, ನಡುವಿನ ಭಾಗ ತಾಗುವುದಿಲ್ಲ. ಹೀಗಾಗಿ ಎಷ್ಟು ಕೋನದಲ್ಲಿ ಮಸೆಯಬೇಕು ಎಂಬುದು ಮಸೆಯುವವನ ಕೈಯಲ್ಲಿಲ್ಲ; ಕತ್ತಿ ಮಾಡಿದವನೇ ಬೆನ್ನಿನ ದಪ್ಪ ಮತ್ತು ಅಲಗಿನ ಅಗಲದ ಮೂಲಕ ಅದನ್ನು ಗೊತ್ತುಮಾಡಿಟ್ಟಿದ್ದಾನೆ. ಬೆನ್ನಿನಿಂದ ಬಾಯಿಗೆ 20 ಮಿಲಿಮೀಟರ್, ಬೆನ್ನಿನ ದಪ್ಪ 6 ಮಿಲಿಮೀಟರ್ ಇದ್ದರೆ ಬಾಯಿಯ ಎರಡು ಮಗ್ಗುಲುಗಳ ನಡುವಿನ ಕೋನ ಸುಮಾರು 17 ಡಿಗ್ರಿ. ಅಡುಗೆ ಚಾಕುಗಳಲ್ಲಿ ಅದು ಸಾಮಾನ್ಯವಾಗಿ 30ರಿಂದ 40 ಡಿಗ್ರಿ. ಮಸೆಯುತ್ತ ಹೋದಂತೆ ಬಾಯಿಯ ಜೊತೆಗೆ ಬೆನ್ನೂ ಸವೆಯುವುದರಿಂದ ಕೋನ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಬೆನ್ನು ಸವೆಯದಿರಲೆಂದು ಕೆಲವರು ಅದಕ್ಕೆ ಒಂದು ಪದರ ಎಲೆಕ್ಟ್ರಿಕಲ್ ಟೇಪ್ ಅಂಟಿಸುತ್ತಾರೆ. ಅದರಿಂದ ಹೆಚ್ಚುವ ಕೋನ ಒಂದು ಡಿಗ್ರಿಯನ್ನೂ ಮುಟ್ಟುವುದಿಲ್ಲ. ಚಾಕು ಮಸೆಯುವವರನ್ನು ವರ್ಷಗಟ್ಟಲೆ ಕಾಡುವ ಕೋನದ ಸಮಸ್ಯೆ ಇಲ್ಲಿ ಹೀಗೆ ಮೊದಲೇ ಬಗೆಹರಿದಿದೆ. ಕೈಗೆ ಉಳಿಯುವ ಕೆಲಸ ಮೂರು. ಯಾವ ದಿಕ್ಕಿಗೆ ನಡೆಸುವುದು, ಎಷ್ಟು ಒತ್ತುವುದು, ಬುಡದಿಂದ ತುದಿಯವರೆಗೆ ಎಲ್ಲ ಕಡೆಗೂ ಸಮನಾದ ಪಾಲು ಸಿಗುವಂತೆ ನೋಡಿಕೊಳ್ಳುವುದು ಹೇಗೆ.

ದಿಕ್ಕು ಏಕೆ ಮುಖ್ಯ ಎಂಬುದು ಬರಿಗಣ್ಣಿಗೆ ಕಾಣುವ ಸಂಗತಿಯಲ್ಲ. ರಾಬರ್ಟ್ ಹುಕ್ 1665ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ 'ಮೈಕ್ರೋಗ್ರಾಫಿಯಾ'ದಲ್ಲಿ ಸೂಜಿಯ ಮೊನೆಯ ನಂತರ ಸೂಕ್ಷ್ಮದರ್ಶಕದಡಿ ಇಟ್ಟ ಎರಡನೆಯ ವಸ್ತುವೇ ಕ್ಷೌರದ ಕತ್ತಿಯ ಬಾಯಿ. ಅಗಲವೇ ಇಲ್ಲದ ಗೆರೆ ಎಂದು ಕಣ್ಣು ನಂಬಿದ್ದು ಅಲ್ಲಿ ಅಗಲವಾಗಿ, ಒರಟಾಗಿ, ಮಸೆದ ಗೀರುಗಳಿಂದ ತುಂಬಿ ಕಂಡಿತು. ಇಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಳೆದರೆ ಚೆನ್ನಾಗಿ ಮಸೆದ ಕತ್ತಿಯ ಬಾಯಿ ಅರ್ಧ ಮೈಕ್ರಾನಿನ ಆಸುಪಾಸಿನಲ್ಲಿರುತ್ತದೆ. ಮನುಷ್ಯನ ಕೂದಲಿನ ದಪ್ಪ 50ರಿಂದ 100 ಮೈಕ್ರಾನ್. ಇಷ್ಟು ತೆಳುವಾದ ಜಾಗದಲ್ಲಿ ಉಕ್ಕು ನಾವು ಬಲ್ಲ ಗಟ್ಟಿ ಉಕ್ಕಿನಂತೆ ನಡೆದುಕೊಳ್ಳುವುದಿಲ್ಲ, ಬಾಗುತ್ತದೆ. ಎರಡೂ ಮಗ್ಗುಲುಗಳು ಕೂಡಿ ಬಾಯಿ ಮೂಡಿದ ಮೇಲೂ ಒಂದೇ ಮಗ್ಗುಲನ್ನು ಉಜ್ಜುತ್ತಿದ್ದರೆ ಕೊನೆಯ ಲೋಹ ಸವೆದು ಹೋಗುವ ಬದಲು ಆಚೆ ಮಗ್ಗುಲಿಗೆ ಮಗುಚಿ, ತೆಳುವಾದ ಪೊರೆಯಾಗಿ ಚಾಚಿಕೊಳ್ಳುತ್ತದೆ. ಲೇತ್ ಕೆಲಸದವರು ಇದನ್ನೇ ಬರ್ ಎನ್ನುವುದು. ಈ ಬರ್ ಬಹಳ ಮೋಸಗಾರ. ಅದು ಬಾಯಿಗಿಂತಲೂ ತೆಳು, ಆದ್ದರಿಂದ ಕಾಗದ ಸೀಳುತ್ತದೆ, ಮುಂಗೈ ಕೂದಲು ಹಾರಿಸುತ್ತದೆ, ಹರಿತವಾಯಿತು ಎಂದು ನಂಬಿಸುತ್ತದೆ. ಗಡ್ಡಕ್ಕೆ ಹಚ್ಚಿದಾಗ ಬಾಗಿ ಮುರಿದು, ಹಲ್ಲುಹಲ್ಲಾದ ಬಾಯಿಯನ್ನು ಚರ್ಮದ ಮೇಲೆ ಬಿಟ್ಟುಹೋಗುತ್ತದೆ.

ಕಲ್ಲಿನ ಮೇಲೆ ಬೆನ್ನು ಮುಂದಾಗಿ ಎಳೆದರೆ ಏನಾಗುತ್ತದೆ ನೋಡಿ. ಕಲ್ಲಿನ ಕಣಗಳು ಬೆನ್ನಿನ ಕಡೆಯಿಂದ ಬಂದು ಬಾಯಿಯತ್ತ ಹಾದು ಹೊರಬೀಳುತ್ತವೆ. ಸವೆಯುವ ಲೋಹವೂ ಅವುಗಳ ಜೊತೆ ಬಾಯಿಯತ್ತ ತಳ್ಳಲ್ಪಟ್ಟು, ಬಾಯಿಯ ಆಚೆಗೆ ಎಳೆದುಕೊಂಡು ಹೋಗುತ್ತದೆ. ಅಲ್ಲಿ ಅದನ್ನು ತಡೆಯುವುದು ಏನೂ ಇಲ್ಲ. ಬರ್ ಬೆಳೆಯುವುದಕ್ಕೆ ಇದಕ್ಕಿಂತ ಅನುಕೂಲವಾದ ದಾರಿ ಇಲ್ಲ. ಬಾಯಿ ಮುಂದಾಗಿ ನಡೆಸಿದರೆ ಕಣಗಳು ಮೊದಲು ಎದುರಾಗುವುದು ಬಾಯಿಗೇ. ಅಲ್ಲಿಂದ ಮೇಲಕ್ಕೆ, ಬೆನ್ನಿನತ್ತ ಸಾಗುತ್ತವೆ. ಲೋಹ ಹಿಂದಕ್ಕೆ, ಅಂದರೆ ದಪ್ಪವಿರುವ ಕಡೆಗೆ ತಳ್ಳಲ್ಪಡುತ್ತದೆ. ಆಧಾರವಿಲ್ಲದೆ ಚಾಚಿಕೊಂಡ ಪೊರೆ ಎದುರಿನಿಂದ ಬರುವ ಕಣಗಳ ಮುಂದೆ ಹೆಚ್ಚು ಹೊತ್ತು ನಿಲ್ಲಲಾರದು, ಕಡಿದುಹೋಗುತ್ತದೆ. ಉಳಿಯುವುದು ಬುಡ ಗಟ್ಟಿಯಿರುವ ಲೋಹ ಮಾತ್ರ. ಪ್ರತಿ ಎಳೆತಕ್ಕೂ ಮಗ್ಗುಲು ಬದಲಿಸಬೇಕು ಎಂಬ ನಿಯಮದ ಗುರಿಯೂ ಇದೇ. ಈ ಕಡೆಯಿಂದ ಹುಟ್ಟಿದ ಬರ್ ಬಲಿಯುವ ಮೊದಲೇ ಆ ಕಡೆಯ ಎಳೆತ ಅದನ್ನು ಮುಗಿಸುತ್ತದೆ. 1000 ಗ್ರಿಟ್ಟಿನ ಕಲ್ಲಿನಲ್ಲಿ (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು) ಮೊಂಡಾದ ಕತ್ತಿಗೆ ಹೊಸದಾಗಿ ಬಾಯಿ ತೆಗೆಯುವಾಗ ಒಂದೇ ಮಗ್ಗುಲನ್ನು ಹತ್ತಿಪ್ಪತ್ತು ಬಾರಿ ಹಿಂದೆ ಮುಂದೆ ಉಜ್ಜುವುದುಂಟು, ಸಣ್ಣ ಸುತ್ತುಗಳಲ್ಲಿ ತಿರುಗಿಸುವುದೂ ಉಂಟು. ಆಗ ದಿಕ್ಕಿಗೆ ಬೆಲೆಯಿಲ್ಲ. ಬಾಯಿ ಇನ್ನೂ ಹುಟ್ಟಿಯೇ ಇಲ್ಲ. 8000, 12000 ಗ್ರಿಟ್ಟಿನ ಕಲ್ಲುಗಳಿಗೆ ಬಂದಂತೆ, ಅಂದರೆ ಕಾಪಾಡಬೇಕಾದ ಬಾಯಿಯೊಂದು ಮೂಡಿದ ಮೇಲೆ, ದಿಕ್ಕು ಕಟ್ಟುನಿಟ್ಟಾಗುತ್ತದೆ. ಉಜ್ಜಿದರೆ ಸಾಕು ಎನ್ನುವವರ ಮಾತು ಮೊದಲ ಕಲ್ಲಿನ ಮಟ್ಟಿಗೆ ನಿಜ. ಅದನ್ನು ಕೊನೆಯ ಕಲ್ಲಿಗೂ ಎಳೆಯುವುದು ತಪ್ಪು.

ಹಾಗಾದರೆ ತೊಗಲಿನ ಮೇಲೂ ಬಾಯಿ ಮುಂದೆ ನಡೆಸಿದರೆ ಆಗದೆ? ಆಗದು. ತೊಗಲು ಕಲ್ಲಿನಂತೆ ಒತ್ತಡಕ್ಕೆ ಮಣಿಯದೆ ನಿಲ್ಲುವ ವಸ್ತುವಲ್ಲ. ಹಾಸಿಗೆಯ ಮೇಲೆ ಕೂತರೆ ಕೂತ ಜಾಗ ತಗ್ಗಿ ಪಕ್ಕದ ಜಾಗ ಏಳುವಂತೆ, ಅಲಗಿನ ಕೆಳಗೆ ತಗ್ಗಿದ ತೊಗಲು ಅಲಗಿನಾಚೆ ಮತ್ತೆ ಮೇಲೇಳುತ್ತದೆ. ಬಾಯಿ ಮುಂದಿದ್ದರೆ ಆ ಏರಿಗೆ ನೇರವಾಗಿ ನುಗ್ಗಿ ತೊಗಲನ್ನು ಕೊಯ್ಯುತ್ತದೆ. ಕೊಯ್ಯದಿದ್ದರೆ ಏರು ಬಾಯಿಯನ್ನೇ ಸುತ್ತಿ ದುಂಡಗೆ ಮಾಡುತ್ತದೆ. ಬೆನ್ನು ಮುಂದಿದ್ದರೆ ತೊಗಲು ಬಾಯಿಯ ಪಟ್ಟೆಯ, ಅಂದರೆ ಕಲ್ಲು ಸವೆಸಿದ ಕಿರಿದಾದ ಮಗ್ಗುಲಿನ, ಮೇಲೆ ಸವರಿಕೊಂಡು ಬಂದು ಬಾಯಿಯನ್ನು ದಾಟಿ ಹೋಗುತ್ತದೆ. ಲೋಹವನ್ನು ಬಾಯಿಯಾಚೆಗೆ ಎಳೆದು ಬರ್ ಬೆಳೆಸುವಷ್ಟು ಕಚ್ಚುವ ಶಕ್ತಿ ತೊಗಲಿಗಿಲ್ಲ. ಅಂದರೆ ಎರಡೂ ಕಡೆ ಕೇಳಬೇಕಾದ ಪ್ರಶ್ನೆ ಒಂದೇ: ಬಾಯಿಯ ಕೊನೆಯ ಅರ್ಧ ಮೈಕ್ರಾನಿಗೆ ಯಾವ ದಿಕ್ಕಿನಲ್ಲಿ ಕಡಿಮೆ ಕೇಡು? ಮಣಿಯದ, ಕಚ್ಚುವ ಕಲ್ಲಿನ ಮೇಲೆ ಉತ್ತರ ಬಾಯಿ ಮುಂದೆ. ಮಣಿಯುವ, ಕಚ್ಚದ ತೊಗಲಿನ ಮೇಲೆ ಉತ್ತರ ಬೆನ್ನು ಮುಂದೆ. ಪಟ್ಟಿಯ ಕೊನೆಯಲ್ಲಿ ಕತ್ತಿ ಹೊರಳಿಸುವ ರೀತಿಯನ್ನೂ ಇದೇ ಕಾರಣ ಗೊತ್ತುಮಾಡುತ್ತದೆ. ಮೊದಲು ಕೈ ನಿಲ್ಲಬೇಕು. ಬೆನ್ನು ತೊಗಲಿನ ಮೇಲೇ ಇರುವಂತೆ, ಬಾಯಿ ಮೇಲ್ಮುಖವಾಗಿ ಎದ್ದು ಆಚೆ ಮಗ್ಗುಲಿಗೆ ಹೊರಳಬೇಕು. ಆಮೇಲಷ್ಟೇ ಕೈ ಹಿಂತಿರುಗಬೇಕು. ಹೊರಳುವ ಮೊದಲೇ ಕೈ ಹಿಂತಿರುಗಿದರೆ ಆ ಒಂದು ಕ್ಷಣ ಬಾಯಿ ಮುಂದಾಗಿಬಿಡುತ್ತದೆ, ತೊಗಲಿಗೆ ಸೀಳು ಬೀಳುವುದು ಹೆಚ್ಚಾಗಿ ಆಗಲೇ.

ಇದೆಲ್ಲ ಕ್ಷೌರಿಕರ ಕುಲಕಸುಬಿನ ನಂಬಿಕೆ ಇರಬಹುದು ಎನ್ನುವವರು ಕ್ಷೌರಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ವೃತ್ತಿಯನ್ನು ನೋಡಬೇಕು. ಆಸ್ಪತ್ರೆಯ ರೋಗನಿದಾನ ಪ್ರಯೋಗಾಲಯಗಳಲ್ಲಿ ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿ ನಾಲ್ಕೈದು ಮೈಕ್ರಾನ್ ದಪ್ಪದ ಪದರಗಳಾಗಿ ಕೊಯ್ಯುವ ಮೈಕ್ರೋಟೋಮ್ ಎಂಬ ಯಂತ್ರವಿದೆ. ಬಿಸಾಡುವ ಬ್ಲೇಡು ಬರುವ ಮೊದಲು ಅದಕ್ಕೆ ಭಾರವಾದ ಉಕ್ಕಿನ ಕತ್ತಿ ಹಾಕುತ್ತಿದ್ದರು, ಪ್ರಯೋಗಾಲಯದ ತಂತ್ರಜ್ಞರೇ ಅದನ್ನು ಮಸೆದುಕೊಳ್ಳಬೇಕಿತ್ತು. ಕೋನ ತಪ್ಪದಿರಲು ಕತ್ತಿಯ ಬೆನ್ನಿಗೆ ಸೀಳಿದ ಕೊಳವೆಯಂಥ ತೊಡಿಗೆಯೊಂದನ್ನು ಹಾಕುತ್ತಿದ್ದರು. ಕ್ಷೌರದ ಕತ್ತಿಯಲ್ಲಿ ದಪ್ಪ ಬೆನ್ನು ಮಾಡುವ ಕೆಲಸವನ್ನು ಇಲ್ಲಿ ಆ ತೊಡಿಗೆ ಮಾಡುತ್ತಿತ್ತು. ಅವರಿಗೆ ಕಲಿಸುತ್ತಿದ್ದ ವಿಧಾನವೂ ಇದೇ. ಕಲ್ಲಿನ ಮೇಲೆ ಬಾಯಿ ಮುಂದಾಗಿ, ಬುಡದಿಂದ ತುದಿಯತ್ತ ಓರೆಯಾಗಿ. ತೊಗಲಿನ ಮೇಲೆ ಬೆನ್ನು ಮುಂದಾಗಿ. ಇಲ್ಲಿ ತಪ್ಪಿದರೆ ಅದು ಚರ್ಮದ ಉರಿಯಂತೆ ಒಬ್ಬರ ಅನುಭವಕ್ಕೆ ಬಿಟ್ಟ ಮಾತಾಗಿ ಉಳಿಯುತ್ತಿರಲಿಲ್ಲ. ಬಾಯಿಯಲ್ಲಿ ಒಂದು ಮುಕ್ಕು ಇದ್ದರೂ, ಒಂದು ಎಳೆ ಬರ್ ಉಳಿದರೂ ಕೊಯ್ದ ಪದರದ ಉದ್ದಕ್ಕೂ ಗೀಟು ಬೀಳುತ್ತಿತ್ತು, ಗಾಜಿನ ಸ್ಲೈಡಿನ ಮೇಲೆ ವೈದ್ಯರಿಗೆ ಅದು ಕಾಣುತ್ತಿತ್ತು. ಗಡ್ಡದ ಕತ್ತಿಗೂ ಅಂಗಾಂಶದ ಕತ್ತಿಗೂ ಒಂದೇ ದಿಕ್ಕು ಒಪ್ಪಿಗೆಯಾಗಿದೆ ಎಂದರೆ ಅದರ ಬೇರು ಉಕ್ಕಿನ ಗುಣದಲ್ಲೇ ಇರಬೇಕು.

ಈಗ ಅಡುಗೆ ಚಾಕುವಿನ ಮಾತು. ಚಾಕುವನ್ನು ಹಿಂದೆ ಮುಂದೆ ಉಜ್ಜಿ ಚೆನ್ನಾಗಿ ಹರಿತ ಮಾಡಬಹುದು, ಸಂಶಯವಿಲ್ಲ. ಆದರೆ 35 ಡಿಗ್ರಿಯ ಬಾಯಿಯ ಹಿಂದೆ ಇರುವಷ್ಟು ಉಕ್ಕು 17 ಡಿಗ್ರಿಯ ಬಾಯಿಯ ಹಿಂದೆ ಇಲ್ಲ; ಅದೇ ಒತ್ತಡಕ್ಕೆ ಇದು ಬೇಗ ಬಾಗುತ್ತದೆ. ಮೇಲಾಗಿ ಚಾಕುವಿನಲ್ಲಿ ತುಸು ಬರ್ ಉಳಿದರೂ ಟೊಮೆಟೊಗೆ ಅದು ತೊಂದರೆಯಲ್ಲ. ಕ್ಷೌರದ ಕತ್ತಿ ಜೀವಂತ ಚರ್ಮದ ಮೇಲೆ ಚಪ್ಪಟೆಯಾಗಿ ಜಾರುವ ಉಪಕರಣ, ಅಲ್ಲಿ ತುಸು ಎಂಬುದಕ್ಕೆ ಜಾಗವಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಅನುಭವಿಗಳಿಂದಲೇ ಬರುತ್ತದೆ. ಬಾಯಿ ಮುಂದೆ ನಡೆಸಿದರೆ ಕಲ್ಲಿನ ಕಣಗಳು ಬಾಯಿಗೆ ಡಿಕ್ಕಿ ಹೊಡೆದು ಸೂಕ್ಷ್ಮ ಮುಕ್ಕುಗಳಾಗುತ್ತವೆ, ಕೊನೆಯ ಕೆಲವು ಎಳೆತಗಳನ್ನು ಬೆನ್ನು ಮುಂದಾಗಿ ಎಳೆದರೆ ಬಾಯಿ ಇನ್ನೂ ನಯವಾಗುತ್ತದೆ ಎನ್ನುವುದು ಅವರ ವಾದ. ಇದರ ಮೊದಲ ಅರ್ಧ ನಿಜ, ಅದಕ್ಕೆ ಒಳ್ಳೆಯ ಸಾಕ್ಷಿ ಬೆಲ್ಜಿಯಂನ ಕೋಟಿಕ್ಯೂಲ್ ಕಲ್ಲು. ಆರ್ಡೆನ್ಸ್ ಸೀಮೆಯ ವೀಲ್ಸಾಲ್ಮ್ ಸುತ್ತಮುತ್ತ ಸಿಗುವ ಈ ಹಳದಿ ಕಲ್ಲಿನಲ್ಲಿ ಸಣ್ಣ ಸಣ್ಣ ಗಾರ್ನೆಟ್ ಹರಳುಗಳಿವೆ. ಅದೇ ಜಾತಿಯ ಪುಟ್ಟ ಕಲ್ಲಿನಿಂದ ಮೇಲ್ಮೈ ತಿಕ್ಕಿ ನೀರು ಹಾಕಿದರೆ ಹಾಲಿನಂಥ ರಾಡಿ ಏಳುತ್ತದೆ. ಆ ರಾಡಿಯಲ್ಲಿ ಬಿಡಿಬಿಡಿಯಾಗಿ ತೇಲುವ ಹರಳುಗಳು ಲೋಹವನ್ನು ಬೇಗ ಕೊರೆಯುತ್ತವೆ, ಜೊತೆಗೆ ಎದುರಿನಿಂದ ಬಂದು ಬಾಯಿಗೆ ಬಡಿಯುತ್ತವೆ. ರಾಡಿಯಲ್ಲೇ ಎಷ್ಟು ಹೊತ್ತು ಮಸೆದರೂ ಕತ್ತಿ ಒಂದು ಹಂತದಾಚೆ ಹರಿತವಾಗುವುದಿಲ್ಲ. ಬಲ್ಲವರು ಇದಕ್ಕೆ ದಿಕ್ಕನ್ನು ಬದಲಿಸುವುದಿಲ್ಲ, ರಾಡಿಯನ್ನು ಬದಲಿಸುತ್ತಾರೆ. ಹನಿ ಹನಿ ನೀರು ಸೇರಿಸಿ ತೆಳುಮಾಡುತ್ತ ಬಂದು, ಕೊನೆಯ ಎಳೆತಗಳನ್ನು ತಿಳಿನೀರಿನಲ್ಲಿ ಮುಗಿಸುತ್ತಾರೆ. ಹರಳು ಕಲ್ಲಿನಲ್ಲಿ ಹೂತಿರುವಾಗ ಬಾಯಿಗೆ ಎದುರಾಗುವುದು ಅದರ ನೆತ್ತಿ ಮಾತ್ರ. ಇನ್ನು ಕೊನೆಯ ಹಿಮ್ಮುಖ ಎಳೆತಗಳು. ಅವುಗಳಿಂದ ಕ್ಷೌರ ಮೃದುವಾಯಿತು ಎನ್ನುವವರನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರೇ ಅದನ್ನು ಹೇಗೆ ಮಾಡುತ್ತಾರೆಂದು ಗಮನಿಸಬೇಕು. ಅತ್ಯಂತ ನುಣುಪಾದ ಕಲ್ಲಿನ ಮೇಲೆ, ಒತ್ತಡವೇ ಇಲ್ಲದೆ, ಬೆರಳೆಣಿಕೆಯಷ್ಟು ಎಳೆತ, ಕೂಡಲೇ ತೊಗಲು. ಅಷ್ಟು ನುಣುಪಾಗಿ, ಅಷ್ಟು ಹಗುರವಾಗಿ ನಡೆಸಿದ ಕಲ್ಲು ಹೆಚ್ಚುಕಡಿಮೆ ತೊಗಲಿನ ಕೆಲಸ ಮಾಡುತ್ತಿರುತ್ತದೆ, ಆದ್ದರಿಂದ ತೊಗಲಿನ ದಿಕ್ಕು ಅದಕ್ಕೆ ಸಲ್ಲುತ್ತದೆ. ಅದೇ ಹಿಮ್ಮುಖ ಎಳೆತವನ್ನು 3000 ಗ್ರಿಟ್ಟಿನ ಕಲ್ಲಿನ ಮೇಲೆ ಒತ್ತಿ ಐವತ್ತು ಬಾರಿ ಮಾಡಿದರೆ ಬೆರಳಿಗೆ ಬರ್ ಸಿಗುತ್ತದೆ.

ಹಾಗಿದ್ದರೆ ಮುಖ್ಯವಾದದ್ದು ಒತ್ತಡವೇ ಹೊರತು ದಿಕ್ಕಲ್ಲ ಎಂದು ಯಾರಾದರೂ ಹೇಳಬಹುದು. ಒತ್ತಡದ ಮಹತ್ವವನ್ನು ಒಪ್ಪಲೇಬೇಕು. ಹೊಟ್ಟೆ ತೆಳುವಾದ ಕತ್ತಿಯನ್ನು ಒತ್ತಿದರೆ ಅಲಗು ಬಾಗಿ, ಬಾಯಿ ಕಲ್ಲಿನಿಂದ ತುಸು ಮೇಲೇಳುತ್ತದೆ. ಎಷ್ಟು ಉಜ್ಜಿದರೂ ಸವೆಯುವುದು ಬಾಯಿಯ ಹಿಂದಿನ ಲೋಹ. ಕೊನೆಯ ಹಂತದಲ್ಲಿ ಕತ್ತಿಯ ಸ್ವಂತ ತೂಕವೇ ಸಾಕು. ಆದರೆ ಒತ್ತಡ ಸರಿಯಿದೆಯೇ ಎಂದು ತಿಳಿಯುವುದು ಹೇಗೆ? ಇಲ್ಲಿ ದಿಕ್ಕೇ ನೆರವಿಗೆ ಬರುತ್ತದೆ. ನುಣುಪಾದ ಕಲ್ಲಿನ ಮೇಲೆ ತೆಳುವಾಗಿ ನೀರು ಹರಡಿ ಬಾಯಿ ಮುಂದಾಗಿ ನಡೆಸಿದರೆ ಬಾಯಿಯ ಮುಂದೆ ನೀರಿನ ಸಣ್ಣ ಅಲೆ ಏಳುತ್ತದೆ. ಬಾಯಿ ಕಲ್ಲಿಗೆ ಸರಿಯಾಗಿ ಕೂತಿದ್ದರೆ ನೀರು ಅದರ ಕೆಳಗೆ ನುಸುಳಲಾಗದೆ ಅಲಗಿನ ಮೇಲೆ ಹತ್ತುತ್ತದೆ. ಬುಡದಿಂದ ತುದಿಯವರೆಗೆ ಒಂದೇ ಸಮನೆ ಹತ್ತಿದರೆ ಇಡೀ ಬಾಯಿ ಕಲ್ಲಿಗೆ ತಾಗುತ್ತಿದೆ ಎಂದರ್ಥ. ಎಲ್ಲಾದರೂ ಒಂದೆಡೆ ನೀರು ಹತ್ತದೆ ಕೆಳಗೇ ಜಾರಿದರೆ ಅಲ್ಲಿ ಬಾಯಿ ಎದ್ದಿದೆ, ಇಲ್ಲವೆ ಕಲ್ಲು ತಗ್ಗಿದೆ. ಬೆನ್ನು ಮುಂದಾಗಿ ಎಳೆಯುವವರಿಗೆ ಈ ಸುಳಿವು ಸಿಗುವುದೇ ಇಲ್ಲ, ಏಕೆಂದರೆ ಅಲ್ಲಿ ನೀರನ್ನು ತಳ್ಳುವುದು ಬೆನ್ನು. ಓರೆಯಾಗಿ ನಡೆಸುವ ಕ್ರಮಕ್ಕೂ ಇಲ್ಲೇ ವಿವರಣೆಯಿದೆ. ಹಳೆಯ ಮಸೆಗಲ್ಲುಗಳು ಕತ್ತಿಯ ಉದ್ದಕ್ಕಿಂತ ಕಿರಿದು, ಹಾಗಾಗಿ ಬುಡದಿಂದ ತೊಡಗಿ ತುದಿ ಕಲ್ಲಿನ ಮೇಲೆ ಬರುವಂತೆ ಎಳೆಯಲೇಬೇಕಿತ್ತು. ಎರಡೂ ಮಗ್ಗುಲಿನ ಎಳೆತಗಳು ಸೇರಿ ಗುಣಿಸು ಚಿಹ್ನೆಯ ಆಕಾರ ಬರುತ್ತದೆ. ಇಂದು ಮೂರು ಇಂಚು ಅಗಲದ ಕಲ್ಲು ಸಿಗುತ್ತದಾದರೂ ಈ ಓರೆ ನಡಿಗೆಯನ್ನು ಬಿಡುವುದು ಒಳ್ಳೆಯದಲ್ಲ. ಪೂರ್ತಿ ಸಪಾಟಾದ ಕಲ್ಲೂ ಇಲ್ಲ, ಪೂರ್ತಿ ನೆಟ್ಟಗಿರುವ ಹಳೆಯ ಕತ್ತಿಯೂ ಅಪರೂಪ. ಓರೆಯಾಗಿ ನಡೆದಾಗ ಬಾಯಿಯ ಪ್ರತಿ ಭಾಗವೂ ಕಲ್ಲಿನ ಬೇರೆ ಬೇರೆ ಜಾಗಗಳನ್ನು ಮುಟ್ಟಿ, ಕಲ್ಲಿನ ತಪ್ಪು ಒಂದೇ ಕಡೆ ಬೀಳದೆ ಹಂಚಿಹೋಗುತ್ತದೆ.

ತೊಗಲು ನಿಜಕ್ಕೂ ಏನು ಮಾಡುತ್ತದೆ ಎಂಬುದರ ಬಗ್ಗೆ ಉತ್ಪ್ರೇಕ್ಷೆಯ ಮಾತುಗಳು ಬಹಳ. ಅಮೆರಿಕದ ಐಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಲೋಹವಿಜ್ಞಾನಿ ಜಾನ್ ವರ್ಹೋವನ್ ಮಸೆದ ಬಾಯಿಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ 2004ರಲ್ಲಿ ವರದಿ ಮಾಡಿದರು. ಏನೂ ಹಚ್ಚದ ತೊಗಲಿನಿಂದ ಆದ ಬದಲಾವಣೆ ಅಲ್ಪ, ಕ್ರೋಮಿಯಂ ಆಕ್ಸೈಡ್ ಹಚ್ಚಿದ ತೊಗಲು ಮಾತ್ರ ಮಸೆದ ಗೀರುಗಳನ್ನೂ ಬರ್ ಅನ್ನೂ ಗಮನಾರ್ಹವಾಗಿ ತಗ್ಗಿಸಿತು. ಕಲ್ಲಿನ ಮೇಲೆ ತಪ್ಪು ದಿಕ್ಕಿನಲ್ಲಿ ಬೆಳೆಸಿದ ಬರ್ ಅನ್ನು ಬರಿ ತೊಗಲು ಸರಿಪಡಿಸುತ್ತದೆ ಎಂಬ ಭರವಸೆಗೆ ಆಧಾರವಿಲ್ಲ ಎಂದು ಇದರಿಂದ ನಾನು ತಿಳಿಯುತ್ತೇನೆ. ಇನ್ನೊಂದು ಸಾಕ್ಷಿ 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ, ಅಮೆರಿಕದ ಎಂಐಟಿ ಸಂಶೋಧಕರ ಅಧ್ಯಯನ. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೃದು, ಆದರೂ ಅದು ಬ್ಲೇಡಿನ ಬಾಯಿ ಮುಕ್ಕಾಗಿಸುತ್ತದೆ. ಕೂದಲು ಬಾಗಿ ಓರೆಯಾಗಿ ತಾಗಿದಾಗ, ಉಕ್ಕಿನ ಒಳರಚನೆ ಏಕರೂಪವಾಗಿಲ್ಲದ ಕಡೆ, ಚೂರು ಎದ್ದುಬರುತ್ತದೆ ಎಂದು ಅವರು ತೋರಿಸಿದರು. ಮಸೆಯುವವನ ಮಟ್ಟಿಗೆ ಎಂಐಟಿ ಅಧ್ಯಯನದ ಅರ್ಥ ಇಷ್ಟು. ಗಟ್ಟಿ ಬಾಯಿಯನ್ನೇ ಕೂದಲು ಮುಕ್ಕಾಗಿಸುತ್ತದೆ ಎಂದಾದರೆ, ಈಗಾಗಲೇ ಬಾಗಿ ಬಳಲಿದ ಬರ್ ಮೊದಲು ಮುರಿಯುವುದು ಖಂಡಿತ.

ನಮ್ಮ ಊರುಗಳ ಕ್ಷೌರದಂಗಡಿಗಳಲ್ಲಿ ಈ ಕತ್ತಿ ಈಗ ಇಲ್ಲ. ಮುರಿದ ಅರ್ಧ ಬ್ಲೇಡು ಸಿಕ್ಕಿಸುವ ಹಿಡಿ ಬಂದಿದೆ, ಒಬ್ಬ ಗಿರಾಕಿಗೆ ಒಂದು ಬ್ಲೇಡು. ಎಚ್‌ಐವಿ, ಹೆಪಟೈಟಿಸ್ ಬಿ ಸೋಂಕುಗಳು ರಕ್ತದಿಂದ ಹರಡುವಾಗ ಹಲವರ ಕೆನ್ನೆಗೆ ಒಂದೇ ಕತ್ತಿ ಬಳಸದಿರುವುದೇ ಸರಿ. ಅಂಗಡಿಯಲ್ಲಿ ಅದು ಮರಳಿ ಬರಬೇಕೆಂದು ನಾನು ಹೇಳುವುದಿಲ್ಲ. ಆದರೆ ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಕತ್ತಿಯನ್ನು ತನ್ನೊಬ್ಬನ ಬಳಕೆಗೆ ಹದಗೊಳಿಸಿಕೊಳ್ಳಲು ಹೊರಡುವವರು ಇಂದೂ ಇದ್ದಾರೆ. ಅವರು ಮೊದಲು ತೊಗಲು ಕೊಳ್ಳುವುದು ಬೇಡ. ಮಾರ್ಕರ್ ಪೆನ್ನಿನಿಂದ ಬಾಯಿಯ ಎರಡೂ ಪಟ್ಟೆಗಳಿಗೆ ಮಸಿ ಬಳಿದು, ಸಪಾಟು ಮಾಡಿದ 1000 ಗ್ರಿಟ್ಟಿನ ಕಲ್ಲಿನ ಮೇಲೆ ಬಾಯಿ ಮುಂದಾಗಿ ನಾಲ್ಕೈದು ಬಾರಿ ಓರೆಯಾಗಿ ನಡೆಸಲಿ. ಮಸಿ ಎಲ್ಲಿ ಉಳಿದಿದೆಯೋ ಅಲ್ಲಿ ಕಲ್ಲು ತಾಗುತ್ತಿಲ್ಲ. ಬಾಯಿಯ ತುತ್ತತುದಿಯವರೆಗೆ ಮಸಿ ಹೋಗುವ ತನಕ ಮುಂದಿನ ಕಲ್ಲಿಗೆ ಹೋಗುವಂತಿಲ್ಲ. ಆಮೇಲೆ ಕತ್ತಿಯ ಬಾಯಿಯನ್ನು ದೀಪದ ಕಡೆಗೆ ಮೇಲ್ಮುಖವಾಗಿ ಹಿಡಿದು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಬೇಕು. ಹರಿತವಾದ ಬಾಯಿ ಬೆಳಕನ್ನು ಹಿಂತಿರುಗಿಸುವುದಿಲ್ಲ, ಅಷ್ಟು ಅಗಲ ಅದಕ್ಕಿಲ್ಲ. ಒಂದು ಚುಕ್ಕೆ ಮಿನುಗಿದರೂ ಅಲ್ಲಿ ಬಾಯಿ ಇನ್ನೂ ಮೊಂಡು, ಇಲ್ಲವೆ ಬರ್ ಮಗುಚಿಕೊಂಡಿದೆ. ಆಗ ಅದೇ ಕಲ್ಲಿಗೆ ಮರಳಿ, ಒತ್ತಡ ತಗ್ಗಿಸಿ, ಪ್ರತಿ ಎಳೆತಕ್ಕೂ ಮಗ್ಗುಲು ಬದಲಿಸುತ್ತ, ಬಾಯಿ ಮುಂದಾಗಿಯೇ ಇನ್ನಷ್ಟು ಬಾರಿ ನಡೆಸಬೇಕು.